ಮುನ್ನೂರು ಆತ್ಮಗಳ ಒಡೆಯ

ಬೇಸಿಗೆ ರಜೆಯಲ್ಲಿ ಅಜ್ಜನ ಮನೆಯ ಅಟ್ಟದ ಮೇಲೆ ಕೂತು ಓದಿದ ರಷ್ಯನ್ ಕತೆಗಳೆಲ್ಲ ಮರೆತೇ ಹೋಗಿವೆ. ಒಂದರಲ್ಲಿ ಬಂದ ಒಂದು ಮಾತು ಮಾತ್ರ ಹೋಗಿಲ್ಲ: ಯಾರೋ ಒಬ್ಬ ಜಮೀನ್ದಾರ ಮುನ್ನೂರು ಆತ್ಮಗಳ ಒಡೆಯ. ಮಾಸ್ಕೋದಲ್ಲಿ ಅಚ್ಚಾಗಿ ನವಕರ್ನಾಟಕದ ಮಳಿಗೆಗೆ ಬರುತ್ತಿದ್ದ, ಗಟ್ಟಿ ರಟ್ಟಿನ, ಅಗ್ಗದ ಬೆಲೆಯ ಆ ಪುಸ್ತಕಗಳನ್ನು ಚಿಕ್ಕಪ್ಪ ತಂದು ಭತ್ತದ ಮೂಟೆಗಳ ಪಕ್ಕ ಪೇರಿಸಿಟ್ಟಿದ್ದ. ನನಗಾಗ ಹನ್ನೆರಡು ವರ್ಷ. ಒಬ್ಬ ಮನುಷ್ಯನಿಗೆ ಒಂದೇ ಆತ್ಮ ಎಂದು ಹರಿಕತೆ ದಾಸರು ಹೇಳಿದ್ದು ಕೇಳಿದ್ದೆ. ಮುನ್ನೂರು ಇಟ್ಟುಕೊಂಡವನು ಮಂತ್ರವಾದಿಯೇ ಇರಬೇಕು ಅಂದುಕೊಂಡು ಕೆಳಗಿಳಿದು ಅಜ್ಜನನ್ನು ಕೇಳಿದೆ. ಅಜ್ಜ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ. "ಆತ್ಮ ಅಲ್ಲ ಮಾರಾಯ, ಒಕ್ಕಲು ಅಂತಿರ್ಬೇಕು. ನಮ್ಮ ಒಡೇರಿಗೆ ಇಪ್ಪತ್ತೆರಡು ಒಕ್ಕಲು ಇದ್ವಲ್ಲ, ಹಂಗೆ," ಅಂದ. ಒಳಗಿನಿಂದ ಅಜ್ಜಿ ಕೂಗಿದಳು, "ಅದ್ರಲ್ಲಿ ಹೆಂಗಸ್ರು ಸೇರಿದಾರೋ ಇಲ್ವೋ ಕೇಳು."

ಇಬ್ಬರ ಮಾತನ್ನೂ ನಾನು ಅವತ್ತು ಅಲ್ಲಿಗೇ ಬಿಟ್ಟೆ. ಆಮೇಲೆ ಬ್ಯಾಂಕು ಸೇರಿ, ಮೂವತ್ತು ವರ್ಷಕ್ಕೂ ಮೇಲೆ ಕೃಷಿ ಸಾಲದ ಕಾಗದಗಳ ನಡುವೆ ಕಳೆದು, ನಿವೃತ್ತಿಯಾದ ಮೇಲೆ ತ್ಸಾರರ ರಷ್ಯಾದ ಇತಿಹಾಸ ಓದುವ ಚಟ ಹತ್ತಿದಾಗ ಆ ಎರಡು ಮಾತುಗಳು ಮತ್ತೆ ಎದ್ದು ಬಂದವು. ಅಜ್ಜ ಹೇಳಿದ್ದು ಹೆಚ್ಚುಕಡಿಮೆ ಸರಿ. ಅಜ್ಜಿ ಕೇಳಿದ್ದು ಮಾತ್ರ ಇನ್ನೂ ಒಳ್ಳೆಯ ಪ್ರಶ್ನೆ.

ಯಾರನ್ನು ಎಣಿಸಿದರು

ದೊರೆ ಮೊದಲನೆಯ ಪೀಟರನಿಗೆ ಸೈನ್ಯ ಸಾಕಲು ಹಣ ಬೇಕಿತ್ತು. ಅಲ್ಲಿಯವರೆಗೆ ತೆರಿಗೆ ಮನೆಯ ಲೆಕ್ಕದಲ್ಲಿತ್ತು. ಜನ ಎರಡು ಮೂರು ಸಂಸಾರ ಸೇರಿ ಒಂದೇ ಬೇಲಿಯೊಳಗೆ ಇದ್ದುಬಿಟ್ಟರೆ ಮನೆ ಒಂದು, ತೆರಿಗೆಯೂ ಒಂದು. ಈ ಜಾಣತನಕ್ಕೆ ಉತ್ತರವಾಗಿ 1718ರಲ್ಲಿ ಪೀಟರ್ ಗಂಡಸರ ತಲೆ ಎಣಿಸಲು ಹೊರಟ. ಎಳೆಗೂಸಿನಿಂದ ಹಿಡಿದು ಹಲ್ಲುದುರಿದ ಮುದುಕನವರೆಗೆ ತೆರಿಗೆ ಕಟ್ಟುವ ವರ್ಗದ ಪ್ರತಿ ಗಂಡೂ ಒಂದು 'ದುಷಾ', ಅಂದರೆ ಒಂದು ಆತ್ಮ. 1724ರಿಂದ ವಸೂಲಿ ಶುರುವಾಗಿ ಸ್ವಲ್ಪದರಲ್ಲೇ ದರ ತಲೆಗೆ ವರ್ಷಕ್ಕೆ (ನೂರು ಕೊಪೆಕ್ ಒಂದು ರೂಬಲ್ ಎಂಬ ಲೆಕ್ಕದಲ್ಲಿ) 70 ಕೊಪೆಕ್‌ಗೆ ನಿಂತಿತು. ಈ ಎಣಿಕೆ 1850ರ ದಶಕದ ಕೊನೆಯವರೆಗೆ ಒಟ್ಟು ಹತ್ತು ಸಲ ನಡೆಯಿತು. ಎರಡು ಎಣಿಕೆಗಳ ನಡುವೆ ಸತ್ತವನು ಪುಸ್ತಕದಲ್ಲಿ ಬದುಕಿಯೇ ಇರುತ್ತಿದ್ದ, ಅವನ ತೆರಿಗೆಯನ್ನು ಬದುಕಿದ್ದವರು ಕಟ್ಟುತ್ತಿದ್ದರು. (ಈ ಒಂದು ಎಳೆ ಹಿಡಿದು ಹುಟ್ಟಿದ ಕಾದಂಬರಿಯೇ ಗೊಗೊಲ್ ಬರೆದ 'ಸತ್ತ ಆತ್ಮಗಳು'.) ಕುಲೀನರು ಈ ತೆರಿಗೆಗೆ ಒಳಪಡುತ್ತಿರಲಿಲ್ಲ. ಹಾಗಾಗಿ ತೆರಿಗೆ ಪುಸ್ತಕ ನೋಡಿದವನಿಗೆ ಒಡೆಯನಿಗೆ ಆತ್ಮವೇ ಇಲ್ಲ. ಇದ್ದದ್ದೆಲ್ಲ ಅವನ ಆಳುಗಳಿಗೆ.

ಹೆಂಗಸರ ಹೆಸರನ್ನು ಎಣಿಕೆಯ ಪಟ್ಟಿಗಳಲ್ಲಿ ಬರೆದುಕೊಂಡದ್ದು ಉಂಟು, ತೆರಿಗೆಯ ಲೆಕ್ಕಕ್ಕೆ ಮಾತ್ರ ಅವರು ಇಲ್ಲ. ಲೆಕ್ಕದಲ್ಲಿ ಇಲ್ಲದಿದ್ದರೆ ಒಳ್ಳೆಯದೇ ಅಲ್ಲವೇ, ತೆರಿಗೆ ತಪ್ಪಿತು, ಅನ್ನಬಹುದು. ಆದರೆ ಹಳ್ಳಿಯಲ್ಲಿ ಹೊಲ ಹಂಚುವಾಗಲೂ ಎಷ್ಟೋ ಕಡೆ ಇದೇ ಗಂಡು ತಲೆಯ ಲೆಕ್ಕವೇ ನಡೆಯುತ್ತಿತ್ತು. ನಾಲ್ಕು ಹೆಣ್ಣು ಹೆತ್ತವಳ ಮನೆಗೆ ಉಣ್ಣುವ ಬಾಯಿ ಆರು, ಹೊಲ ಒಬ್ಬನ ಪಾಲಿನದು. ಕತೆಗಾರ ಚೆಕಾಫ್‌ನ ಅಜ್ಜ ಹುಟ್ಟು ಜೀತದವನು, ದುಡ್ಡು ಕೂಡಿಸಿ 1841ರಲ್ಲಿ 3,500 ರೂಬಲ್ ಕೊಟ್ಟು ತನ್ನನ್ನೂ ಸಂಸಾರವನ್ನೂ ಒಡೆಯನಿಂದ ಕೊಂಡುಕೊಂಡ. ಮಗಳು ಅಲೆಕ್ಸಾಂದ್ರಾಳಿಗೆ ದುಡ್ಡು ಸಾಲಲಿಲ್ಲ. ಒಡೆಯ ದೊಡ್ಡ ಮನಸ್ಸು ಮಾಡಿ ಅವಳನ್ನು ಹಾಗೇ ಬಿಟ್ಟುಕೊಟ್ಟ. ಸಂತೆಯಲ್ಲಿ ಒಂದು ಸೇರು ಮೆಣಸಿನಕಾಯಿ ಕೊಂಡವನ ಚೀಲಕ್ಕೆ ಕೊಸರು ಹಾಕುವ ಹಾಗೆ. ಅಜ್ಜಿಗೆ ಕೊಡಬೇಕಿದ್ದ ಉತ್ತರ ಇದು.

ಇನ್ನು ಅಜ್ಜನ 'ಒಕ್ಕಲು'. ಇಲ್ಲಿ ನಾನು ತುಂಬ ದಿನ ತಡವರಿಸಿದ್ದೇನೆ. ರಷ್ಯಾದ ಆ ರೈತನಿಗೆ ಕನ್ನಡದಲ್ಲಿ ಯಾವ ಹೆಸರೂ ಸರಿಯಾಗಿ ಕೂರುವುದಿಲ್ಲ. ಜೀತದಾಳು ಅನ್ನೋಣವೆಂದರೆ ನಮ್ಮ ಜೀತ ಸಾಲದಿಂದ ಹುಟ್ಟಿದ್ದು. ಇವನಿಗೆ ಸ್ವಂತ ಮನೆ, ಕುದುರೆ, ಉಳುವ ಹೊಲ ಎಲ್ಲ ಇತ್ತು. ಗುಲಾಮ ಅನ್ನೋಣವೆಂದರೆ ಗುಲಾಮ ತೆರಿಗೆ ಕಟ್ಟುವುದಿಲ್ಲ, ಸೈನ್ಯಕ್ಕೆ ಮಗನನ್ನು ಕಳಿಸುವುದಿಲ್ಲ. ಒಕ್ಕಲು ಹತ್ತಿರ ಬರುತ್ತದೆ, ಆದರೆ ಅಲ್ಲೊಂದು ದೊಡ್ಡ ತಿರುವು ಇದೆ. ನಮ್ಮ ಕಡೆ ಒಕ್ಕಲಿನವನ ಎದೆಯಲ್ಲಿದ್ದ ಭಯ ಒಂದೇ, ಒಕ್ಕಲೆಬ್ಬಿಸುವುದು. ಗೇಣಿ ಅಳೆಯುವಾಗ ಎದುರಾಡಿದರೆ ಒಡೆಯ 'ನಾಳೆಯಿಂದ ಗದ್ದೆಗೆ ಇಳೀಬೇಡ' ಅಂದುಬಿಡುತ್ತಿದ್ದ. ರಷ್ಯಾದ ಒಕ್ಕಲಿನ ಸಂಕಟ ಇದರ ತಿರುಗುಮುರುಗು: ಎದ್ದು ಹೋಗುವುದಕ್ಕೇ ಬಿಡರು.

ಕಾರಣ ಯೋಚಿಸಿದರೆ ನೇರವಾಗಿಯೇ ಇದೆ. ನಮ್ಮಲ್ಲಿ ನೆಲ ಕಡಿಮೆ, ಕೈ ಜಾಸ್ತಿ. ಅಲ್ಲಿ ನೆಲಕ್ಕೆ ಕೊನೆಯೇ ಇಲ್ಲ, ಉಳುವ ಕೈ ಇಲ್ಲದಿದ್ದರೆ ಆ ನೆಲಕ್ಕೆ ಕಾಸಿನ ಬೆಲೆಯೂ ಇಲ್ಲ. ದೊರೆ ತನ್ನ ಸೇವೆ ಮಾಡಿದ ಸರದಾರನಿಗೆ ಸಾವಿರ ಎಕರೆ ಕೊಟ್ಟು, ರೈತರೆಲ್ಲ ದಕ್ಷಿಣದ ಕಪ್ಪುಮಣ್ಣಿಗೆ ಓಡಿಹೋದರೆ ಅವನಿಗೆ ಕೊಟ್ಟಿದ್ದು ಹುಲ್ಲು ಮಾತ್ರ. ಹಾಗಾಗಿ ಮನುಷ್ಯನನ್ನೇ ಕಟ್ಟಿಹಾಕಿದರು. 1497ರ ಕಾನೂನಿನಲ್ಲಿ ಒಂದು ಕಿಂಡಿ ಉಳಿದಿತ್ತು. ನವೆಂಬರ್ 26ರ ಯೂರಿ ಹಬ್ಬದ ಹಿಂದಿನ ಒಂದು ವಾರ, ಮುಂದಿನ ಒಂದು ವಾರ, ಬಾಕಿ ತೀರಿಸಿ ಬೇರೆ ಒಡೆಯನ ಕಡೆ ಹೋಗಬಹುದು. ಆಮೇಲೆ ಅದೂ ಮುಚ್ಚಿತು. 'ನೋಡಜ್ಜಿ, ಇದೇ ನಿನ್ನ ಯೂರಿ ಹಬ್ಬ' ಎಂಬ ಗಾದೆ ರಷ್ಯನ್ನಿನಲ್ಲಿ ಇವತ್ತಿಗೂ ಇದೆ, ಕೈಗೆ ಬಂದದ್ದು ಬಾಯಿಗೆ ಬಾರದಾಗ ಹೇಳುವುದು. 1649ರ ಕಾನೂನು ಸಂಹಿತೆ ಓಡಿಹೋದವನನ್ನು ಹುಡುಕಲು ಇದ್ದ ವರ್ಷಗಳ ಗಡುವನ್ನೂ ತೆಗೆದುಹಾಕಿತು. ಅಲ್ಲಿಂದ ಮುಂದೆ ಅಪ್ಪ ಓಡಿಹೋಗಿ ಮುದುಕನಾಗಿ ಸತ್ತರೂ ಮಕ್ಕಳನ್ನು ಹಿಡಿದು ತರಬಹುದು.

ಹಿಡಿದಿಡುವುದಕ್ಕೆ ಒಂದು ಕಾಲಕ್ಕೆ ನ್ಯಾಯವೂ ಇತ್ತು ಅನ್ನಿ: ರೈತ ಸರದಾರನ ಸೇವೆ ಮಾಡುತ್ತಾನೆ, ಸರದಾರ ದೊರೆಯ ಸೇವೆ ಮಾಡುತ್ತಾನೆ. 1762ರ ಫೆಬ್ರವರಿ 18ರಂದು ಮೂರನೆಯ ಪೀಟರ್ ಕುಲೀನರನ್ನು ಕಡ್ಡಾಯ ಸೇವೆಯಿಂದ ಬಿಡುಗಡೆ ಮಾಡಿದ. ಹಾಗಾದರೆ ಮಾರನೆಯ ದಿನವೇ ರೈತರನ್ನೂ ಬಿಡಬೇಕಿತ್ತಲ್ಲ? ಬಿಟ್ಟರು ಕೂಡ, ಮಾರನೆಯ ದಿನವೇ, ಫೆಬ್ರವರಿ 19ಕ್ಕೆ, ಆದರೆ 99 ವರ್ಷ ತಡವಾಗಿ ಎಂದು ಇತಿಹಾಸಕಾರ ಕ್ಲ್ಯುಚೆವ್‌ಸ್ಕಿ ಕುಟುಕುತ್ತಾನೆ.

ಅಡವಿಟ್ಟ ಆತ್ಮಗಳು

ಆ 99 ವರ್ಷಗಳಲ್ಲಿ ನಡೆದದ್ದರಲ್ಲಿ ಶೆರೆಮೆತ್ಯೆವ್ ಮನೆತನದ ಒಂದು ಸಂಗತಿ ನನ್ನನ್ನು ಬಿಡುವುದಿಲ್ಲ. ಇವರು ರಷ್ಯಾದ ಅತಿ ದೊಡ್ಡ ಜಮೀನ್ದಾರರು, ಆತ್ಮಗಳ ಲೆಕ್ಕ ಲಕ್ಷ ದಾಟುತ್ತಿತ್ತು. ಮನೆಯಲ್ಲಿ ಆಳುಗಳದ್ದೇ ನಾಟಕಶಾಲೆ. ಅಲ್ಲಿ ಹಾಡುತ್ತಿದ್ದ ಕಮ್ಮಾರನ ಮಗಳು ಪ್ರಸ್ಕೋವ್ಯಾಳಿಗೆ ಒಡೆಯರು ಮುತ್ತು ಎಂಬರ್ಥದ ಝೆಮ್ಚುಗೋವಾ ಎಂಬ ಹೆಸರಿಟ್ಟಿದ್ದರು. ಮನೆಯ ಯಜಮಾನ ಕೌಂಟ್ ನಿಕೊಲಾಯ್ ಅವಳನ್ನು ಪ್ರೀತಿಸಿ, ಬಿಡುಗಡೆಯ ಪತ್ರ ಕೊಟ್ಟು, 1801ರಲ್ಲಿ ಗುಟ್ಟಾಗಿ ಮದುವೆಯಾದ. 1803ರಲ್ಲಿ ಗಂಡು ಮಗು ಹೆತ್ತು ಕೆಲವೇ ವಾರಗಳಲ್ಲಿ ಅವಳು ತೀರಿಕೊಂಡಳು. ಮಗು ದ್ಮಿತ್ರಿ ಬೆಳೆದು ಆ ಲಕ್ಷ ದಾಟಿದ ಆತ್ಮಗಳಿಗೆಲ್ಲ ವಾರಸುದಾರನಾದ. ತಾಯಿ ಹುಟ್ಟಿದ್ದೂ ಇದೇ ಮನೆತನದ ಆಸ್ತಿಪಟ್ಟಿಯಲ್ಲಿ. ಶೆರೆಮೆತ್ಯೆವರ ಇವಾನವೊ ಎಂಬ ಹಳ್ಳಿಯಲ್ಲಿ ಇನ್ನೊಂದು ವಿಚಿತ್ರ: ಬಟ್ಟೆ ಅಚ್ಚು ಹಾಕಿ ಲಕ್ಷಾಧೀಶರಾದ ಕಾರ್ಖಾನೆದಾರರು, ಅವರ ಕೈಕೆಳಗೆ ನೂರಾರು ಕೂಲಿಗಳು, ಆದರೆ ಕಾರ್ಖಾನೆದಾರನೇ ಕೌಂಟನ ಆಳು. ಬಿಡುಗಡೆ ಬೇಕೆಂದರೆ ಕೌಂಟ್ ಅವನ ಗಳಿಕೆ ನೋಡಿ ಬೆಲೆ ಹೇಳುತ್ತಿದ್ದ.

ಬ್ಯಾಂಕಿನವನ ಕಣ್ಣಿಗೆ ಬಿದ್ದದ್ದು ಬೇರೆ. ಜಮೀನ್ದಾರರು ಸರ್ಕಾರಿ ಸಾಲಸಂಸ್ಥೆಗಳಲ್ಲಿ ಅಡವಿಡುತ್ತಿದ್ದದ್ದೂ ತಲೆಯ ಲೆಕ್ಕದಲ್ಲೇ, ಒಂದು ಆತ್ಮಕ್ಕೆ ಇಷ್ಟು ರೂಬಲ್ ಸಾಲ. 1859ರ ಹೊತ್ತಿಗೆ ದೇಶದ ಜೀತದ ಆತ್ಮಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅಡವಿನಲ್ಲಿದ್ದವು. ಸಾಲದ ಹಣ ಹೊಲಕ್ಕೆ ಹೋದದ್ದು ಕಡಿಮೆ. ಪ್ಯಾರಿಸ್ಸು, ಇಸ್ಪೀಟು, ಮಗಳ ಮದುವೆ. ನಮ್ಮಲ್ಲಿ ಬೆಳೆಸಾಲ ತೆಗೆದು ಮದುವೆ ಮಾಡಿದವರ ಕಡತ ನಾನೂ ನೋಡಿದ್ದೇನೆ, ನಗು ಬರುವುದಿಲ್ಲ. ಆದರೆ ಅವರು ಅಡವಿಟ್ಟದ್ದು ಸ್ವಂತ ಗದ್ದೆಯನ್ನು.

'ನಾವು ನಿಮ್ಮವರು, ನೆಲ ನಮ್ಮದು'

1820ರ ಹೊತ್ತಿಗೆ ಸ್ಮೊಲೆನ್ಸ್ಕ್ ಪ್ರಾಂತ್ಯದ ಒಂದು ಹಳ್ಳಿಯಲ್ಲಿ ಇವಾನ್ ಯಾಕುಷ್ಕಿನ್ ಎಂಬ ಯುವ ಜಮೀನ್ದಾರ ತನ್ನ ರೈತರನ್ನು ಸೇರಿಸಿದ. ನೆಪೋಲಿಯನ್ ವಿರುದ್ಧ ಹೋರಾಡಿ ಬಂದವನು, ಮುಂದೆ ದೊರೆಯ ವಿರುದ್ಧವೇ ಸಂಚು ಹೂಡಿದವರ ಗುಂಪಿನವನು, ನಿಜಕ್ಕೂ ಒಳ್ಳೆಯ ಮನುಷ್ಯ. ನಿಮ್ಮನ್ನೆಲ್ಲ ಬಿಟ್ಟುಬಿಡುತ್ತೇನೆ ಅಂದ. ಮನೆ, ಹಿತ್ತಿಲು, ದನ, ಗೋಮಾಳ ಎಲ್ಲ ನಿಮಗೇ. ರೈತರು ಕೇಳಿದರು, "ಹೊಲ?" ಹೊಲ ನನ್ನದು, ಬೇಕಾದವರು ಗೇಣಿಗೆ ಮಾಡಿ. ಅವರು ತಮ್ಮಲ್ಲೇ ಮಾತಾಡಿಕೊಂಡು ಹೇಳಿದ್ದು: "ಹಾಗಾದರೆ ಹಳೆಯದೇ ಇರಲಿ ಒಡೆಯಾ. ನಾವು ನಿಮ್ಮವರು, ನೆಲ ನಮ್ಮದು."

ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಎದ್ದು ಒಂದು ಸುತ್ತು ಹಾಕಿ ಬಂದೆ. ಯಾಕುಷ್ಕಿನ್‌ನಂಥ ಉದಾರಿಗೆ ಸ್ವಾತಂತ್ರ್ಯವೆಂದರೆ ತನ್ನ ದೇಹ ತನ್ನದಾಗುವುದು. ರೈತರಿಗೆ ಆ ದೇಹ ಒಡೆಯನದೋ ತಮ್ಮದೋ ಎಂಬ ತಕರಾರು ಹೊಲದ ತಕರಾರಿನಷ್ಟು ದೊಡ್ಡದಾಗಿ ಕಂಡಿರಲಿಲ್ಲ. ಒಡೆಯ ಬರುತ್ತಾನೆ, ಹೋಗುತ್ತಾನೆ, ನೆಲ ಉತ್ತವನದು, ದೇವರದು. ರಾಜಧಾನಿಯ ಕಾನೂನಿಗೂ ಹಳ್ಳಿಯ ನಂಬಿಕೆಗೂ ಇದ್ದ ಈ ಬಿರುಕು ಮುಂದಿನ ನೂರು ವರ್ಷದಲ್ಲೂ ಕೂಡಲಿಲ್ಲ. 1917ರಲ್ಲಿ ರೈತರು ಯಾವ ಸರ್ಕಾರಕ್ಕೂ ಕಾಯದೆ ಜಮೀನ್ದಾರರ ಹೊಲ ಹಂಚಿಕೊಂಡದ್ದನ್ನು ಕೆಲವರು ಕಮ್ಯುನಿಸಂ ಲೆಕ್ಕಕ್ಕೆ ಹಾಕುತ್ತಾರೆ. ನನಗೆ ಅದರ ಬೇರು ಆ ಹಳ್ಳಿಯವರ ಮಾತಿನಲ್ಲೇ ಕಾಣುತ್ತದೆ.

49 ವರ್ಷದ ಕಂತು

1861ರ ಫೆಬ್ರವರಿ 19ರಂದು ಎರಡನೆಯ ಅಲೆಕ್ಸಾಂಡರ್ ಸಹಿ ಹಾಕಿದ. ಸುಮಾರು ಎರಡೂಕಾಲು ಕೋಟಿ ಜನರ ಬಿಡುಗಡೆ. ಅಂತರ್ಯುದ್ಧವಿಲ್ಲದೆ. ಅದೇ ವಸಂತದಲ್ಲಿ ಅಮೆರಿಕ ಗುಲಾಮಗಿರಿಯ ಪ್ರಶ್ನೆಗೆ ಒಡೆದು ಯುದ್ಧಕ್ಕೆ ನಿಂತಿತ್ತು. ಈ ಕೆಲಸವನ್ನು ಸಣ್ಣದು ಅನ್ನಲಾರೆ. ಹೊಲ ಸಮೇತ ಬಿಡಬೇಕು ಎಂದು ಒಪ್ಪಿಸಿದ್ದೂ ದೊಡ್ಡದೇ. ಆದರೆ ಷರತ್ತು ಓದಲು ಕೂತರೆ ನನ್ನೊಳಗಿನ ಸಾಲದ ಗುಮಾಸ್ತ ಎದ್ದು ಪೆನ್ಸಿಲ್ ಕೇಳುತ್ತಾನೆ.

ಹೊಲವನ್ನು ರೈತ ಕೊಂಡುಕೊಳ್ಳಬೇಕಿತ್ತು. ಅದರ ಬೆಲೆ ಕಟ್ಟಿದ್ದು ಹೀಗೆ. ಒಬ್ಬ ರೈತ ಒಡೆಯನಿಗೆ ವರ್ಷಕ್ಕೆ ಕಟ್ಟುವ ಹಣ, ಅವರ ಮಾತಿನಲ್ಲಿ 'ಒಬ್ರೋಕ್', 9 ರೂಬಲ್ ಅನ್ನಿ. ಎಷ್ಟು ಹಣವನ್ನು ನೂರಕ್ಕೆ ಆರರ ಬಡ್ಡಿಗೆ ಇಟ್ಟರೆ ವರ್ಷಕ್ಕೆ 9 ರೂಬಲ್ ಬರುತ್ತದೆ? 150. ಅದೇ ಹೊಲದ ಬೆಲೆ. ಇದರಲ್ಲಿ ನೂರಕ್ಕೆ 80 ಭಾಗ, ಅಂದರೆ 120 ರೂಬಲನ್ನು ಸರ್ಕಾರ ಜಮೀನ್ದಾರನಿಗೆ ಸಾಲಪತ್ರಗಳ ರೂಪದಲ್ಲಿ ಕೊಡುತ್ತದೆ. ಉಳಿದ 30 ರೈತನೇ ಕೊಡಬೇಕು. ಸರ್ಕಾರದ 120ಕ್ಕೆ ರೈತ ವರ್ಷಕ್ಕೆ ನೂರಕ್ಕೆ ಆರರಂತೆ 7 ರೂಬಲ್ 20 ಕೊಪೆಕ್ ಕಟ್ಟಬೇಕು. ಎಷ್ಟು ವರ್ಷ? 49. ಗುಣಿಸಿದರೆ 352 ರೂಬಲ್ 80 ಕೊಪೆಕ್. ಜಮೀನ್ದಾರನ ಕೈಗೆ ಬಂದ 150 ಮತ್ತೆ ಆರರ ಬಡ್ಡಿಗೆ ಹೋದರೆ ವರ್ಷಕ್ಕೆ ಅದೇ 9 ರೂಬಲ್. ಆಳು ಹೋದ, ಆಳಿನಿಂದ ಬರುವ ವರಮಾನ ಹೋಗಲಿಲ್ಲ. (ಎಷ್ಟೋ ಜಮೀನ್ದಾರರ ಹಣವನ್ನು ಹಳೆಯ ಅಡವು ಸಾಲಕ್ಕೆ ಸರ್ಕಾರ ಮುರಿದುಕೊಂಡಿತು, ಅದು ಬೇರೆ ಕತೆ.)

ಈ ಲೆಕ್ಕದಲ್ಲಿ ಮಣ್ಣು ಎಲ್ಲಿದೆ ಎಂದು ಹುಡುಕಿದೆ. ಕಾನೂನು ಹೇಳುವುದು, ಮನುಷ್ಯನಿಗೆ ಬೆಲೆ ಕಟ್ಟಿಲ್ಲ, ಹೊಲಕ್ಕೆ ಮಾತ್ರ. ಆದರೆ ಪೀಟರ್ಸ್‌ಬರ್ಗ್‌ನಿಂದ 25 ವರ್ಸ್ಟ್ (ವರ್ಸ್ಟ್ ಎಂದರೆ ಸುಮಾರು ಒಂದು ಕಿಲೋಮೀಟರ್) ಒಳಗಿನ ಹಳ್ಳಿಗಳಿಗೆ ಒಬ್ರೋಕ್ ಮಿತಿ 12 ರೂಬಲ್, ದೇಶದಲ್ಲೇ ಹೆಚ್ಚು. ಅಲ್ಲಿನ ಮಣ್ಣೋ ಜೌಗು, ಕಲ್ಲು. ಅಲ್ಲಿನ ರೈತ ಚಳಿಗಾಲದಲ್ಲಿ ಪೇಟೆಗೆ ಹೋಗಿ ಗಾಡಿ ಹೊಡೆದು, ಮರಗೆಲಸ ಮಾಡಿ ನಾಲ್ಕು ಕಾಸು ತರುತ್ತಿದ್ದ. ಬೆಲೆ ಕಟ್ಟಿದ್ದು ಆ ನಾಲ್ಕು ಕಾಸಿಗೆ, ಅವನ ರಟ್ಟೆಗೆ. ಕಪ್ಪುಮಣ್ಣಿಲ್ಲದ ಉತ್ತರದ ಪ್ರಾಂತ್ಯಗಳಲ್ಲಿ ರೈತರು ಒಪ್ಪಿಕೊಂಡ ಸಾಲ ಹೊಲದ ಮಾರುಕಟ್ಟೆ ಬೆಲೆಗೆ ಹೆಚ್ಚುಕಡಿಮೆ ಎರಡರಷ್ಟು. ಕಪ್ಪುಮಣ್ಣಿನ ದಕ್ಷಿಣದಲ್ಲಿ ಮೋಸ ಬೇರೆ ದಾರಿ ಹಿಡಿಯಿತು. ಅಲ್ಲಿ ನೆಲವೇ ಚಿನ್ನ, ಹಾಗಾಗಿ ರೈತರು ಮೊದಲು ಉಳುತ್ತಿದ್ದದ್ದರಲ್ಲಿ ಒಂದು ಪಾಲನ್ನು ಜಮೀನ್ದಾರರು ಕತ್ತರಿಸಿ ಉಳಿಸಿಕೊಂಡರು. ಕತ್ತರಿಸಿದ್ದು ಎಂಥ ಜಾಗ ಅಂದರೆ ದನ ನೀರಿಗೆ ಹೋಗುವ ದಾರಿ, ಹುಲ್ಲುಗಾವಲಿನ ಮೂಲೆ, ಕಾಡಿನ ಅಂಚು. ಅದಿಲ್ಲದೆ ಬದುಕು ನಡೆಯದು, ಅದಕ್ಕಾಗಿ ಮತ್ತೆ ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಯಲೇಬೇಕು.

ಸೊನ್ನೆಗಳಲ್ಲಿ ಹುಡುಕಿದ ಬಿಡುಗಡೆ

ಈ ಷರತ್ತುಗಳು ಹದಿನೇಳು ಬೇರೆ ಬೇರೆ ಶಾಸನಗಳಲ್ಲಿ ಹರಡಿಕೊಂಡಿದ್ದವು. ಚರ್ಚಿನಲ್ಲಿ ಓದಿದ ಘೋಷಣೆಯ ಭಾಷೆ ಪಾದ್ರಿಗಳ ಗ್ರಾಂಥಿಕ ಭಾಷೆ. ಕೇಳಿದ ಜನರಿಗೆ ಅರ್ಥವಾದದ್ದು ಇಷ್ಟೇ, ಇನ್ನೂ ಎರಡು ವರ್ಷ ಹಿಂದಿನಂತೆಯೇ ಒಡೆಯನ ಕೆಲಸ ಮಾಡಬೇಕು. ಇದು ದೊರೆ ಬರೆದದ್ದಾಗಿರಲಾರದು, ನಿಜವಾದ ಪತ್ರವನ್ನು ಅಧಿಕಾರಿಗಳೂ ಒಡೆಯರೂ ಮುಚ್ಚಿಟ್ಟಿದ್ದಾರೆ ಎಂಬ ಸುದ್ದಿ ಹಬ್ಬಿತು. ಕಜಾನ್ ಪ್ರಾಂತ್ಯದ ಬೆಜ್ದ್ನಾ ಎಂಬ ಹಳ್ಳಿಯವರು ಓದು ಬಲ್ಲ ತಮ್ಮವನೇ ಆದ ಅಂತೋನ್ ಪೆತ್ರೋವ್‌ನ ಕೈಗೆ ಆ ಪುಸ್ತಕ ಕೊಟ್ಟರು. ಅವನಿಗೆ ಅಕ್ಷರ ಬರುತ್ತಿತ್ತು, ಸರ್ಕಾರಿ ಭಾಷೆ ಬರುತ್ತಿರಲಿಲ್ಲ. ಮಾದರಿ ನಮೂನೆಯೊಂದರಲ್ಲಿ ಅಂಕಿ ತುಂಬಬೇಕಾದ ಜಾಗದಲ್ಲಿ ಸೊನ್ನೆಗಳಿದ್ದವು. ಹತ್ತನೆಯ ಎಣಿಕೆಯ ಮಾತಿನ ಪಕ್ಕದಲ್ಲಿದ್ದ ಆ ಸೊನ್ನೆಗಳಲ್ಲಿ ಅವನಿಗೆ ಬಿಡುಗಡೆ ಕಂಡಿತು. ಎಣಿಕೆ ಮುಗಿದು ಮೂರು ವರ್ಷವಾಗಿದೆ, ಅಂದರೆ ನಾವು ಆಗಲೇ ಸ್ವತಂತ್ರರು, ಒಡೆಯನಿಗೆ ದುಡಿಯಬೇಕಿಲ್ಲ ಎಂದು ಓದಿ ಹೇಳಿದ. ಸುತ್ತಲ ಹಳ್ಳಿಗಳಿಂದ ಸಾವಿರಾರು ಜನ ಕೇಳಲು ಬಂದರು. ಏಪ್ರಿಲ್ 12ರಂದು ಸೈನ್ಯ ಬಂತು. ಅವನನ್ನು ಒಪ್ಪಿಸಿ ಎಂದಿತು. ಜನ ಅವನ ಗುಡಿಸಲ ಸುತ್ತ ನಿಂತರು, ಕದಲಲಿಲ್ಲ, ಗುಂಡು ಹಾರಿತು. ಹತ್ತಾರು ಮಂದಿ ಸತ್ತರು. ಆಮೇಲೆ ಪೆತ್ರೋವ್ ಶಾಸನದ ಪುಸ್ತಕವನ್ನು ತಲೆಯ ಮೇಲೆ ಹಿಡಿದುಕೊಂಡು ಹೊರಬಂದ. ಒಂದು ವಾರದಲ್ಲಿ ಅವನನ್ನೂ ಗುಂಡಿಕ್ಕಿ ಕೊಂದರು.

ಪುಸ್ತಕ ತಲೆಯ ಮೇಲೆ ಹಿಡಿದ ಆ ಚಿತ್ರ ಬಂದಾಗಲೆಲ್ಲ ನನಗೆ ನಮೂನೆ 7 ನೆನಪಾಗುತ್ತದೆ. 1974ರ ಕಾನೂನಿನ ಮೇಲೆ ಗೇಣಿದಾರರು ಭೂನ್ಯಾಯಮಂಡಳಿಗೆ ಕೊಡಬೇಕಿದ್ದ ಅರ್ಜಿ. ಅಜ್ಜನಿಗೆ ಓದು ಬರುತ್ತಿರಲಿಲ್ಲ. ಮಡಚಿದ ಅರ್ಜಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಮಳೆ ಅಂತ ತಲೆಗೆ ಸುತ್ತಿದ ಟವೆಲ್ಲಿನೊಳಗೆ ಸಿಕ್ಕಿಸಿಕೊಂಡು ತಾಲ್ಲೂಕು ಕಚೇರಿಗೆ ಹೋಗಿದ್ದ. ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ಅಜ್ಜನ ಮೇಲೆ ಯಾರೂ ಗುಂಡು ಹಾರಿಸಲಿಲ್ಲ, ಸರ್ವೆ ನಂಬರಿನ ಅಂಕಿ ಸರಿಯಿದೆಯೇ ಎಂದು ಮೂರು ಸಲ ತಿರುಗಿಸಿದರು, ನಾಲ್ಕನೆಯ ಸಲ ತೆಗೆದುಕೊಂಡರು. ಆದರೆ ತನ್ನ ಬದುಕೆಲ್ಲ ಅಡಗಿರುವ ಕಾಗದವನ್ನು ಓದಲಾರದೆ ಹೊತ್ತು ನಡೆಯುವವನ ಕುತ್ತಿಗೆ ಹೇಗೆ ಬಿಗಿದಿರುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಮಿರ್ ಎಂಬ ಲೋಕ

ಸಾಲ ರೈತನ ಹೆಸರಿನಲ್ಲಿ ಇರಲಿಲ್ಲ. ಇಡೀ ಹಳ್ಳಿಯ ಹೆಸರಿನಲ್ಲಿತ್ತು. ಹಳ್ಳಿಯ ಕೂಟಕ್ಕೆ 'ಮಿರ್' ಎಂದು ಹೆಸರು, ರಷ್ಯನ್ನಿನಲ್ಲಿ ಅದೇ ಶಬ್ದಕ್ಕೆ ಲೋಕ ಎಂದೂ ಅರ್ಥ. ಹೊಲ ಮಿರ್‌ನದು, ಅದು ಕೆಲವು ವರ್ಷಕ್ಕೊಮ್ಮೆ ಮನೆಗಳ ತಲೆ ನೋಡಿ ಮರುಹಂಚಿಕೆ ಮಾಡುತ್ತದೆ. ಒಬ್ಬ ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಸ್ವಸಹಾಯ ಸಂಘದ ಸಾಲ ಕೊಟ್ಟವನಿಗೆ ಇದರ ಬಿಸಿ ಗೊತ್ತು: ಕಂತು ತಪ್ಪಿಸಿದವಳ ಮನೆಮುಂದೆ ಬ್ಯಾಂಕಿನವನು ಹೋಗಿ ನಿಲ್ಲಬೇಕಿಲ್ಲ, ಸಂಘದ ಉಳಿದ ಹೆಂಗಸರೇ ನಿಲ್ಲುತ್ತಾರೆ. ಅಲ್ಲಿ ಮಿರ್ ಒಪ್ಪಿ ಪಾಸ್‌ಪೋರ್ಟ್ ಕೊಡಿಸದೆ ರೈತ ಪೇಟೆಗೆ ಕೂಲಿಗೂ ಹೋಗುವಂತಿಲ್ಲ, ಹೋದವನು ಕಟ್ಟದಿದ್ದರೆ ಅವನ ಪಾಲು ಊರ ಮೇಲೆ ಬೀಳುತ್ತದಲ್ಲ. ಒಡೆಯ ಹಿಡಿದಿದ್ದ ಹಗ್ಗದ ತುದಿ ಈಗ ನೆರೆಯವನ ಕೈಯಲ್ಲಿ.

ರಷ್ಯಾದ ಬೇಸಾಯ ಹಿಂದೆ ಬಿದ್ದದ್ದೇ ಈ ಮಿರ್‌ನಿಂದ ಎಂದು ಬರೆದವರು ಬಹಳ. ಒಂದು ಮನೆಗೆ ಹತ್ತಾರು ತುಂಡು ಹೊಲ, ಕೆಲವು ಪಟ್ಟೆಗಳು ಎಷ್ಟು ಕಿರಿದೆಂದರೆ ನಾರಿನ ಜೋಡಿನ ಲೆಕ್ಕದಲ್ಲಿ ಅಳೆಯುತ್ತಿದ್ದರು. ಮುಂದಿನ ಹಂಚಿಕೆಗೆ ಬೇರೆಯವನಿಗೆ ಹೋಗುವ ಹೊಲಕ್ಕೆ ಯಾರು ಗೊಬ್ಬರ ಹಾಕುತ್ತಾರೆ? ಇದರಲ್ಲಿ ಹುರುಳಿಲ್ಲ ಅನ್ನುವುದಿಲ್ಲ. ಆದರೆ ವರ್ಷದ ಅರ್ಧ ಹಿಮ ಮುಚ್ಚಿರುವ, ತಗ್ಗು ಕೊಳೆತರೆ ದಿಬ್ಬ ಉಳಿಯುವ, ದಿಬ್ಬ ಒಣಗಿದರೆ ತಗ್ಗು ಉಳಿಯುವ ನೆಲದಲ್ಲಿ ಎಲ್ಲರಿಗೂ ತಗ್ಗಿನಲ್ಲೊಂದು, ದಿಬ್ಬದಲ್ಲೊಂದು ತುಂಡು ಇರಲಿ ಎಂದು ಹಂಚಿದವರು ದಡ್ಡರಲ್ಲ. ಅಳತೆಯ ನ್ಯಾಯ ರೈತನಿಗೆ ಎಷ್ಟು ದೊಡ್ಡದು ಎನ್ನುವುದಕ್ಕೆ ನಾನು ರಷ್ಯಾಕ್ಕೆ ಹೋಗಬೇಕಿಲ್ಲ. ನಮ್ಮ ಸಾಗರದ ಪಕ್ಕ ಕಾಗೋಡಿನಲ್ಲಿ 1951ರ ಸತ್ಯಾಗ್ರಹ ಶುರುವಾದದ್ದೇ ಗೇಣಿ ಅಳೆಯುವ ಕೊಳಗದ ಜಗಳದಿಂದ.

1891ರಲ್ಲಿ ವೋಲ್ಗಾ ಕಡೆ ಮಳೆ ಕೈಕೊಟ್ಟಾಗ ಈ ಕಂತು, ತೆರಿಗೆಗಳ ಭಾರ ಎಂಥದೆಂದು ಹೊರಗಿನವರಿಗೂ ಕಂಡಿತು. ಶರತ್ಕಾಲದಲ್ಲಿ ತೆರಿಗೆ ವಸೂಲಿ ಮಾಡಿದರೆ ರೈತ ಧಾನ್ಯವನ್ನು ಬೆಲೆ ಬಿದ್ದಾಗಲೇ ಮಾರುತ್ತಾನೆ, ಧಾನ್ಯ ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದೆ, ಚಿನ್ನ ಖಜಾನೆಗೆ ಬರುತ್ತದೆ. 'ಅರೆಹೊಟ್ಟೆ ಉಂಡರೂ ಸರಿ, ರಫ್ತು ಮಾಡುತ್ತೇವೆ' ಎಂಬುದು ಆಗಿನ ಹಣಕಾಸು ಮಂತ್ರಿ ವಿಷ್ನೆಗ್ರಾದ್‌ಸ್ಕಿ ಆಡಿದ ಮಾತು ಎನ್ನುತ್ತಾರೆ. ಉಂಡವರು ಯಾರು, ಅರೆಹೊಟ್ಟೆ ಯಾರದು ಎಂದು ಅದರಲ್ಲಿಲ್ಲ. ಆ ಬರದಲ್ಲಿ, ಅದರ ಬೆನ್ನಿಗೆ ಬಂದ ಕಾಲರಾದಲ್ಲಿ ಲಕ್ಷಗಟ್ಟಲೆ ಜನ ಹೋದರು.

ಕೊನೆಯ ಎಣಿಕೆ

1897ರಲ್ಲಿ ಸಾಮ್ರಾಜ್ಯ ಮೊದಲ ಬಾರಿಗೆ, ಅದೇ ಕೊನೆಯ ಬಾರಿಗೆ ಕೂಡ, ಎಲ್ಲರನ್ನೂ ಎಣಿಸಿತು. ಹೆಂಗಸರನ್ನೂ, ಕುಲೀನರನ್ನೂ, ದೊರೆಯನ್ನೂ. ಹನ್ನೆರಡೂವರೆ ಕೋಟಿ ಜನ, ಓದು ಬಲ್ಲವರು ಐವರಲ್ಲಿ ಒಬ್ಬ. ಎರಡನೆಯ ನಿಕೊಲಾಸ್ ತನ್ನ ಹಾಳೆಯಲ್ಲಿ ಕಸುಬು ಎಂಬಲ್ಲಿ ಬರೆದದ್ದು: 'ರಷ್ಯಾ ನೆಲದ ಯಜಮಾನ.' ಅವನು ತಮಾಷೆಗೆ ಬರೆದವನಲ್ಲ. ಆ ಹೊತ್ತಿಗೆ ಯಾಕುಷ್ಕಿನ್‌ನ ರೈತರ ಮೊಮ್ಮಕ್ಕಳೂ ಆ ನೆಲ ತಮ್ಮದೆಂದೇ ನಂಬಿ, ಅದಕ್ಕೆ ಕಂತು ಕಟ್ಟುತ್ತಲೇ ಇದ್ದರು.

1905ರಲ್ಲಿ ಹಳ್ಳಿ ಹಳ್ಳಿಗಳಲ್ಲಿ ಜಮೀನ್ದಾರರ ಮನೆಗಳು ಉರಿದ ಮೇಲೆ, ನವೆಂಬರ್‌ನಲ್ಲಿ ಹೊರಟ ಒಂದು ಘೋಷಣೆ 1906ರ ಕಂತನ್ನು ಅರ್ಧಕ್ಕಿಳಿಸಿ, 1907ರ ಜನವರಿಯಿಂದ ಪೂರ್ತಿ ಮನ್ನಾ ಮಾಡಿತು. ಆಮೇಲೆ ಪ್ರಧಾನಿ ಸ್ತೊಲಿಪಿನ್ ಬಂದು ಮಿರ್ ಒಡೆಯಲು ಹೊರಟದ್ದು, 1911ರಲ್ಲಿ ಕೀವ್‌ನ ನಾಟಕಶಾಲೆಯಲ್ಲಿ ಗುಂಡು ತಿಂದದ್ದು ಎಲ್ಲ ಎಲ್ಲರೂ ಬರೆದ ಸಂಗತಿ. ನನಗೆ ಕುತೂಹಲ ಮನ್ನಾ ಆದ ವರ್ಷದ ಬಗ್ಗೆ. ನಲವತ್ತು ವರ್ಷ ಕಟ್ಟಿದ ಮನೆಗಳಲ್ಲಿ ಹಳೆಯ ರಸೀದಿಗಳನ್ನು ಏನು ಮಾಡಿರಬಹುದು?

ಅಜ್ಜ ತನ್ನ ಗದ್ದೆಗೆ ಕಂತಿನಲ್ಲಿ ಕಟ್ಟಿದ ಹಣದ ರಸೀದಿಗಳನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಇಟ್ಟಿದ್ದ. ಹಣ ತೀರಿ, ಪಹಣಿಯಲ್ಲಿ ಹೆಸರು ಬಂದು ಎಷ್ಟೋ ವರ್ಷವಾದ ಮೇಲೂ ಮಳೆಗಾಲ ಮುಗಿಯುತ್ತಲೇ ಡಬ್ಬಿ ತೆಗೆದು ಅವನ್ನು ಒಂದೊಂದಾಗಿ ಅಂಗಳದ ಬಿಸಿಲಿಗೆ ಹರವುತ್ತಿದ್ದ, ಗಾಳಿಗೆ ಹಾರದಂತೆ ಮೇಲೊಂದೊಂದು ಅಡಿಕೆ ಇಟ್ಟು. ಬ್ಯಾಂಕಿಗೆ ಸೇರಿದ ಹೊಸತರಲ್ಲಿ, ಗೊತ್ತಿರುವವನ ಜಂಬದಲ್ಲಿ, "ಇನ್ನು ಇದೆಲ್ಲ ಬೇಡ ಅಜ್ಜಾ, ಖಾತೆ ಆಗಿದೆಯಲ್ಲ," ಅಂದೆ.

ಅಜ್ಜ ತಲೆ ಎತ್ತಲಿಲ್ಲ. "ಇರ್ಲಿ ಬಿಡು," ಅಂದ. "ಅವ್ರು ಮತ್ತೆ ಎಣಿಸೋಕೆ ಬಂದ್ರೆ?"